ಹಳ್ಳಿಯ ಸಭೆಯ ಚರಿತ್ರೆಯನ್ನು ಪುಣೆಯಲ್ಲಿದ್ದು ಬರೆದ ಬಗೆ

ಗದಗ-ಬೆಟಗೇರಿಯ ಆಚೆಗಿನ ಒಂದು ಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಕಾಲಕ್ಕೆ ಹುಟ್ಟಿ, ಇಂದು ದಕ್ಷಿಣ ಭಾರತ ಸಭೆಗೆ (ಸಿ.ಎಸ್.ಐ.) ಸೇರಿರುವ ನಮ್ಮ ಕ್ರೈಸ್ತ ಸುವಾರ್ತಾ ಸಭೆಯಲ್ಲಿ ಭಾನುವಾರದ ಆರಾಧನೆಗೆ ಕೂಡುವ ಮನೆಗಳು ಈಗ ಬೆರಳೆಣಿಕೆಯಷ್ಟು. ಅಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದವರ ಮಕ್ಕಳು, ಮೊಮ್ಮಕ್ಕಳಲ್ಲಿ ಹೆಚ್ಚಿನವರು ಪುಣೆಯ ಖಡಕಿ, ಪಿಂಪ್ರಿ, ಚಿಂಚವಾಡಗಳಲ್ಲಿ ನೆಲೆಸಿದ್ದಾರೆ. ಗದಗ ಆಗ ಸೇರಿದ್ದ ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ, ಕೆಲಸ ಹುಡುಕಿ ಹೊರಟವರು ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಇತ್ತ ಕಡೆಗೇ ಬರುತ್ತಿದ್ದರು. ಖಡಕಿಯ ಮದ್ದುಗುಂಡು ಕಾರ್ಖಾನೆಯೂ ಮುಂದೆ ಪಿಂಪ್ರಿಯ ಕಾರ್ಖಾನೆಗಳೂ ನಮ್ಮ ಸಭೆಯ ಅರ್ಧದಷ್ಟು ಮನೆಗಳನ್ನು ಇಲ್ಲಿಗೆ ಕರೆಸಿಕೊಂಡವು. ದಾಖಲೆಗಳು ಹಳ್ಳಿಯಲ್ಲಿ, ನೆನಪುಳ್ಳವರು ಪುಣೆಯಲ್ಲಿ. ಹೀಗಾಗಿ ಸಭೆಯ ಚರಿತ್ರೆಯನ್ನು ಬರೆಯುವ ಕೆಲಸವನ್ನು ನಾನು ಪುಣೆಯಿಂದಲೇ ಕೈಗೆತ್ತಿಕೊಂಡೆ.

ಮಿಶನ್ನಿನ ಚರಿತ್ರೆ ಬೇಕೆಂದವರಿಗೆ ಸುಲಭವಾಗಿ ಸಿಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನರಿಗಳು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ ಎಂದು ಠಾಣ್ಯಗಳನ್ನು ತೆರೆದರು. ಮೋಗ್ಲಿಂಗ್, ಕಿಟ್ಟೆಲ್ ಅವರ ಹೆಸರನ್ನು ಅರಿಯದ ಕನ್ನಡ ಓದುಗರಿಲ್ಲ. ಆದರೆ ಮಿಶನ್ನಿನ ಇಂಗ್ಲಿಷ್ ವಾರ್ಷಿಕ ವರದಿಗಳಲ್ಲಿ ನಮ್ಮ ಹಳ್ಳಿ ಬರುವುದು ಬೆಟಗೇರಿಗೆ ಸೇರಿದ ಹೊರಠಾಣ್ಯವಾಗಿ, ಅದೂ ಒಂದೆರಡು ಸಾಲುಗಳಲ್ಲಿ. ಆ ಸಾಲುಗಳನ್ನೇ ಹಿಗ್ಗಿಸಿದ್ದರೆ ಮಿಶನರಿಗಳ ಚರಿತ್ರೆಯಾಗುತ್ತಿತ್ತೇ ಹೊರತು ಸಭೆಯವರದ್ದಾಗುತ್ತಿರಲಿಲ್ಲ. ಆದ್ದರಿಂದ ಮೊದಲು ಸಭೆಯ ಸ್ವಂತ ರಿಜಿಸ್ಟರುಗಳನ್ನು ಓದಬೇಕು, ಆಮೇಲೆ ಹಿರಿಯರನ್ನು ಕೇಳಬೇಕು, ವರದಿಗಳನ್ನು ಕೊನೆಯಲ್ಲಿ ತೆರೆಯಬೇಕು ಎಂದು ನಿಶ್ಚಯಿಸಿಕೊಂಡೆ.

ಸಭಾ ಕಮಿಟಿಯ ಲಿಖಿತ ಅನುಮತಿ ಪಡೆದು, ಸಭಾಪಾಲಕರ ಮನೆಯ ಕಬ್ಬಿಣದ ಟ್ರಂಕಿನಲ್ಲಿದ್ದ ದೀಕ್ಷಾಸ್ನಾನ, ವಿವಾಹ, ಸಮಾಧಿ ರಿಜಿಸ್ಟರುಗಳನ್ನು ಪಡಸಾಲೆಯ ಹಗಲು ಬೆಳಕಿನಲ್ಲಿ, ಹೊಲಿಗೆ ಬಿಡದಂತೆ ಅರ್ಧಕ್ಕೇ ತೆರೆದು, ಪುಟಪುಟವಾಗಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ. ಪುಣೆಗೆ ಮರಳಿದ ಮೇಲೆ ಪ್ರತಿಯೊಂದು ನಮೂದನ್ನೂ ಇದ್ದಂತೆಯೇ ನಕಲು ಮಾಡಿದೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ಹಳೆಯ ಹೆಸರು, ಹೊಸ ಹೆಸರು, ತಂದೆ, ಊರು, ಕಸುಬು, ಸಾಕ್ಷಿಗಳು ಎಂಬ ಕಾಲಂಗಳಿವೆ. 1876-78ರ ದೊಡ್ಡ ಬರದ ನಂತರದ ಪುಟಗಳಲ್ಲಿ ಒಬ್ಬ ಹುಡುಗಿಯ ನಮೂದಿದೆ: ತಂದೆಯ ಕಾಲಂ ಖಾಲಿ, ವಯಸ್ಸಿನ ಮುಂದೆ ‘ಅಂದಾಜು’, ಊರಿನ ಕಾಲಂನಲ್ಲಿ ಊರಿನ ಹೆಸರಿಲ್ಲದೆ ‘ಬರದಲ್ಲಿ ಬಂದವಳು’ ಎಂಬ ಎರಡೇ ಮಾತು. ವಿವಾಹದ ಪುಸ್ತಕದಲ್ಲಿ ಅದೇ ಹೊಸ ಹೆಸರನ್ನು ಹುಡುಕಿದಾಗ, ಆಕೆ ಸಭೆಯ ಒಬ್ಬ ನೇಕಾರನನ್ನು ಮದುವೆಯಾದದ್ದು ತಿಳಿಯಿತು. ಇಂದು ಪಿಂಪ್ರಿಯಲ್ಲಿರುವ ಮೂರು ಕುಟುಂಬಗಳು ಆಕೆಯ ಸಂತತಿ. ಈ ಬಗೆಯ ಎಳೆಗಳನ್ನು ಹಿಡಿಯಲು ಒಂದು ರಿಜಿಸ್ಟರು ಸಾಲದು, ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ಓದಬೇಕು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ನಡೆದ ಮದುವೆಗಳನ್ನು ಸಾಕ್ಷಿಗಳ ಸಮೇತ ಬರೆದಿಡಲೇಬೇಕಾಗಿದ್ದುದರಿಂದ, ಮೂರರಲ್ಲಿ ನಾನು ಹೆಚ್ಚು ನೆಚ್ಚಿದ್ದು ವಿವಾಹದ ಪುಸ್ತಕವನ್ನು.

ಸಮಾಧಿಯ ಪುಸ್ತಕವನ್ನು ಓದುವುದು ಕಠಿಣವಾಗಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಪುಣೆಯನ್ನು ಹಾದು ಹುಬ್ಬಳ್ಳಿ-ಧಾರವಾಡದ ಕಡೆಗೆ ಇಳಿದ ವರ್ಷಗಳಲ್ಲಿಯೂ, 1918ರ ಇನ್‌ಫ್ಲುಯೆಂಜಾದಲ್ಲಿಯೂ ಒಂದೇ ಮನೆಯ ಹೆಸರುಗಳು ಕೆಳಕೆಳಗೆ ಸಾಲಾಗಿ ಬರುತ್ತವೆ. ಆ ಹೆಸರುಗಳನ್ನು ಸಂಖ್ಯೆಯಾಗಿ ಇಳಿಸದೆ ಇಡಿಯಾಗಿ ಅಚ್ಚು ಮಾಡಿಸಿದ್ದೇನೆ.

ಮೊದಲ ಮಹಾಯುದ್ಧದ ವರ್ಷಗಳ ಪುಟಗಳಲ್ಲಿ ಮಿಶನರಿಯ ಸಹಿ ಥಟ್ಟನೆ ನಿಂತುಹೋಗುತ್ತದೆ. 1914ರಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರಕಾರ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳನ್ನು ಹಿಡಿದು, ಅವರಲ್ಲಿ ಬಹಳ ಜನರನ್ನು ಅಹಮದನಗರದ ಶಿಬಿರದಲ್ಲಿರಿಸಿ, ಆನಂತರ ಹಡಗು ಹತ್ತಿಸಿ ಸ್ವದೇಶಕ್ಕೆ ಕಳುಹಿಸಿತು. ಮಿಶನ್ ಹೋದ ಮೇಲೆ ಹಳ್ಳಿಗಳ ಸಭೆಗಳು ಅನಾಥವಾದವು ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೆ. ನಮ್ಮ ರಿಜಿಸ್ಟರು ಹೇಳುವುದೇ ಬೇರೆ. ಸಹಿಯ ಜಾಗದಲ್ಲಿ ಉಪದೇಶಿಯವರ, ಅಂದರೆ ಸಭೆಯ ದೇಶೀಯ ಬೋಧಕರ, ಕನ್ನಡ ಅಕ್ಷರ ಬರುತ್ತದೆ. ದೀಕ್ಷಾಸ್ನಾನ ನಿಂತಿಲ್ಲ, ಮದುವೆ ನಿಂತಿಲ್ಲ, ಸುಗ್ಗಿಯ ಕಾಣಿಕೆಯಾಗಿ ಬಂದ ಜೋಳದ ಲೆಕ್ಕವೂ ತಪ್ಪಿಲ್ಲ. ನನ್ನ ಮಟ್ಟಿಗೆ ಇಡೀ ಚರಿತ್ರೆಯ ನಡುಗಂಬ ಈ ಪುಟಗಳೇ. ಈ ಸಭೆಯನ್ನು ನಿಲ್ಲಿಸಿದವರು ಸಂಬಳ ಬಂದರೂ ಬಾರದಿದ್ದರೂ ಅಲ್ಲಿಯೇ ಉಳಿದ ಉಪದೇಶಿಗಳು ಮತ್ತು ಅವರ ಮನೆಯ ಹೆಂಗಸರು.

ಹೆಂಗಸರ ವಿಷಯ ರಿಜಿಸ್ಟರಿನಲ್ಲಿ ಸಿಗುವುದು ಕಡಿಮೆ, ಅದಕ್ಕೆ ಹಿರಿಯರ ಬಾಯಿಂದಲೇ ಕೇಳಬೇಕು. ‘ಯಾವ ಇಸವಿ’ ಎಂದು ಕೇಳಿದರೆ ಯಾರೂ ಮಾತು ಬೆಳೆಸುವುದಿಲ್ಲ. ದೇವಾಲಯದಲ್ಲಿ ಯಾರು ಎಲ್ಲಿ ಕೂಡುತ್ತಿದ್ದರು, ಗಂಟೆ ಬಾರಿಸುತ್ತಿದ್ದವರು ಯಾರು, ಸಾವಿನ ಮನೆಯಲ್ಲಿ ಯಾವ ಕೀರ್ತನೆ ಹಾಡುತ್ತಿದ್ದರು ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಖಡಕಿಯಲ್ಲಿ ಮಗನ ಮನೆಯಲ್ಲಿರುವ ಅಜ್ಜಿಯೊಬ್ಬರು, ‘ನೋಡವಾ, ಅಯ್ಯನವರು ತಿಂಗಳಿಗೊಮ್ಮೆ ಬರ್ತಿದ್ರು. ದಿನಾ ಸಂಜೀಕೆ ಮನಿ ಮನಿಗೆ ಹೋಗಿ ಬೈಬಲ್ ಓದತಿದ್ದಾಕಿ ಉಪದೇಶೇರ ಹೆಂಡ್ತಿ. ನಮಗ ಅಕ್ಷರಾ ಕಲಿಸಿದಾಕಿನೂ ಆಕಿನ’ ಎಂದರು. ವರದಿಗಳಲ್ಲಿ ಆಕೆಯ ಹೆಸರಿಲ್ಲ. ಬೇರೆ ಇಬ್ಬರು ಹಿರಿಯರೂ ತಾವಾಗಿ ಅದನ್ನೇ ಹೇಳಿದ ಮೇಲೆ ಆಕೆಗೆ ಒಂದು ಪೂರ್ತಿ ಅಧ್ಯಾಯವನ್ನು ಮೀಸಲಿಟ್ಟೆ.

ಜಾತಿಯ ಪ್ರಶ್ನೆಯನ್ನು ಬಿಟ್ಟುಬಿಡುವಂತೆ ಕೆಲವರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಯಾವ ಕೇರಿಯವರು ಮೊದಲು ಬಂದರು, ಒಂದೇ ಬಟ್ಟಲಿನಲ್ಲಿ ಕರ್ತನ ಭೋಜನ (ಆರಾಧನೆಯ ರೊಟ್ಟಿ, ದ್ರಾಕ್ಷಾರಸ) ಪಡೆಯಲು ಯಾರು ಹಿಂಜರಿದರು ಎಂಬುದನ್ನು ಮುಚ್ಚಿಟ್ಟರೆ, ಅವರೆಲ್ಲ ಕೊನೆಗೆ ಒಂದೇ ಸಾಲಿನಲ್ಲಿ ಮೊಣಕಾಲೂರಿದ್ದರ ಬೆಲೆಯೇ ತಿಳಿಯುವುದಿಲ್ಲ. ಕುಟುಂಬಗಳ ಹೆಸರನ್ನು ಮಾತ್ರ ಬಿಟ್ಟು ಉಳಿದದ್ದನ್ನು ಬರೆದೆ.

ಕೊನೆಗೆ ಉಳಿದದ್ದು ದೇವಾಲಯದ ಜಾಗದ ಪ್ರಶ್ನೆ. ಅದನ್ನು ಮಿಶನ್ ಕೊಂಡಿತೆಂದು ಕೆಲವರು, ಊರ ಗೌಡರು ದಾನ ಕೊಟ್ಟರೆಂದು ಕೆಲವರು ಹೇಳುತ್ತಿದ್ದರು. ಟ್ರಂಕಿನ ತಳದಲ್ಲಿದ್ದ ಹಳೆಯ ಕಾಗದ ಮರಾಠಿಯ ಹಳೆಯ ಓಡುಬರಹವಾದ ಮೋಡಿ ಲಿಪಿಯಲ್ಲಿತ್ತು. ನಮ್ಮ ಕಡೆಯ ಕುಲಕರ್ಣಿಗಳು ಒಂದು ಕಾಲಕ್ಕೆ ಕಾಗದಪತ್ರಗಳಿಗೆ ಬಳಸುತ್ತಿದ್ದದ್ದು ಅದನ್ನೇ. ಹಳ್ಳಿಯಲ್ಲಿ ಅದನ್ನು ಓದಬಲ್ಲವರು ಉಳಿದಿಲ್ಲ, ಪುಣೆಯಲ್ಲಿ ಇದ್ದಾರೆ. ನಿವೃತ್ತ ಮರಾಠಿ ಶಿಕ್ಷಕರೊಬ್ಬರು ಭೂತಗನ್ನಡಿ ಹಿಡಿದು ಸಾಲುಸಾಲಾಗಿ ಓದಿ ಹೇಳಿದಾಗ, ಜಾಗ ಕ್ರಯಕ್ಕೆ ಬಂದದ್ದೆಂದೂ, ಹಣ ಕೊಟ್ಟವರಲ್ಲಿ ಸಭೆಯ ನೇಕಾರರ ಹೆಸರುಗಳೂ ಇವೆಯೆಂದೂ, ಗೌಡರು ಸಾಕ್ಷಿ ಹಾಕಿದ್ದಾರೆಂದೂ ಗೊತ್ತಾಯಿತು. ಆ ಕಾಗದದ ಪೂರ್ತಿ ಪಾಠವನ್ನು ಮೊದಲ ಅಧ್ಯಾಯದಲ್ಲಿಯೇ ಕೊಟ್ಟಿದ್ದೇನೆ. ಪುಸ್ತಕದ ಸುದ್ದಿ ಕೇಳಿದ ಗೌಡರ ಮನೆಯವರು ತಮಗೂ ಎರಡು ಪ್ರತಿ ಬೇಕೆಂದು ಸಭಾಪಾಲಕರ ಹತ್ತಿರ ಹೇಳಿ ಕಳುಹಿಸಿದ್ದಾರೆ.