ಕುಂಕುಮದ ಬೊಟ್ಟು ಅಳಿಸದಂತೆ: ಪುಟಾಣಿ ಗೊಂಬೆಯ ಫೋಟೊ ಚಿಕ್ಕದು ಮಾಡಿ ಹಂಚುವುದು ಹೇಗೆ?

ನಾಲ್ಕು ಸೆಂಟಿಮೀಟರ್ ಎತ್ತರದ ಗೊಂಬೆ. ಕಾಫಿ ಹಣ್ಣು ಕುಯ್ಯುವ ಹೆಂಗಸು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು, ತಲೆಗೆ ಬಿಗಿದ ಬಟ್ಟೆ, ಸೊಂಟಕ್ಕೆ ಕಟ್ಟಿದ ಚೀಲ. ಎಂ-ಸೀಲ್‌ನಲ್ಲಿ ಮೈ ಮಾಡಿ, ಅಕ್ರಿಲಿಕ್ ಬಣ್ಣ ಹಚ್ಚಿ ಮುಗಿಸಲು ನನಗೆ ಒಂಬತ್ತು ಸಂಜೆ ಹಿಡಿಯಿತು. ಹಣೆಯ ಕುಂಕುಮ ಅರ್ಧ ಮಿಲಿಮೀಟರ್. ಬ್ರಷ್‌ನಲ್ಲಿ ಇಡಲು ಆಗಲಿಲ್ಲ. ಉಸಿರು ಬಿಗಿಹಿಡಿದು ಗುಂಡುಸೂಜಿಯ ತುದಿಯಲ್ಲಿ ಇಟ್ಟೆ.

ಫೋಟೊ ತೆಗೆದು ಕಳಸದ ಹತ್ತಿರ ಇರುವ ದೊಡ್ಡಮ್ಮನಿಗೆ ಕಳಿಸಿದೆ. ಆಯಸ್ಸೆಲ್ಲಾ ತೋಟದಲ್ಲೇ ಕಳೆದವರು, ಅವರಿಗೆ ಇಷ್ಟವಾಗಲಿ ಅಂತಲೇ ಮಾಡಿದ ಗೊಂಬೆ ಅದು. ಸಂಜೆ ಫೋನ್ ಬಂತು. "ಚೆನ್ನಾಗಿದೆ ಕಣೇ. ಆದ್ರೆ ಕುಂಕುಮ ಇಡೋದೇ ಮರೆತುಬಿಟ್ಟಿದ್ದೀಯಲ್ಲ?"

ಕುಂಕುಮ ಗೊಂಬೆಯ ಹಣೆಯಲ್ಲಿತ್ತು. ನನ್ನ ಫೋನಿನಲ್ಲಿದ್ದ ಫೋಟೊದಲ್ಲೂ ಇತ್ತು. ಚಿಕ್ಕಮಗಳೂರಿಂದ ಕಳಸ ಮುಟ್ಟುವಷ್ಟರಲ್ಲಿ ಅಳಿಸಿಹೋಗಿತ್ತು. ಅಂದಿನಿಂದ ಈ ವಿಷಯದ ಬೆನ್ನು ಹತ್ತಿದೆ. ಕಲಿತಿದ್ದು ಇಷ್ಟು: ಹಂಚುವ ಫೋಟೊ ಹೇಗಿದ್ದರೂ ಚಿಕ್ಕದಾಗುತ್ತದೆ. ನಾವು ಮಾಡದಿದ್ದರೆ ದಾರಿಯಲ್ಲಿ ಯಾವುದೋ ಯಂತ್ರ ಮಾಡುತ್ತದೆ. ಆ ಯಂತ್ರಕ್ಕೆ ಗೊಂಬೆಯ ಹಣೆ ಯಾವುದು, ಹಿಂದಿನ ಗೋಡೆ ಯಾವುದು ಅಂತ ಗೊತ್ತಿಲ್ಲ. ಹಾಗಾಗಿ ಆ ಕೆಲಸವನ್ನು ನಾವೇ ಮಾಡಿ ಕಳಿಸಬೇಕು.

ದಸರಾ ಗೊಂಬೆಗೆ ಬಣ್ಣ ಹಚ್ಚುವವರಿಗೂ, ಸಣ್ಣ ಸೈನಿಕರ ಮಾಡೆಲ್ ಮಾಡುವ ಹುಡುಗರಿಗೂ ಈ ಕ್ರಮ ಒಂದೇ.

ಮೊದಲು ಬೆಳಕು

ನಮ್ಮೂರಿನ ಮಳೆಗಾಲವನ್ನು ಫೋಟೊ ತೆಗೆಯುವವರು ಬೈಯುತ್ತಾರೆ. ಗೊಂಬೆಯ ಫೋಟೊಗೆ ಮಾತ್ರ ಜುಲೈ ತಿಂಗಳ ಮೋಡದ ಬೆಳಕಿಗಿಂತ ಒಳ್ಳೆಯದು ಇಲ್ಲ. ಬಿಸಿಲಿದ್ದರೆ ಮೂಗಿನ ನೆರಳು ಬಾಯಿಯ ಮೇಲೆ ಕಪ್ಪಗೆ ಬೀಳುತ್ತದೆ. ಮೋಡ ಇದ್ದರೆ ಬೆಳಕು ಎಲ್ಲಾ ಕಡೆಯಿಂದ ಮೆತ್ತಗೆ ಬರುತ್ತದೆ. ಬೆಳಿಗ್ಗೆ ಹತ್ತು, ಹನ್ನೊಂದರ ಹೊತ್ತಿಗೆ ಕಿಟಕಿ ಪಕ್ಕ ಮೇಜು ಹಾಕಿ. ಮನೆಯ ದೀಪ ಆರಿಸಿ. ಕಿಟಕಿಯ ಬೆಳಕು ನೀಲಿ ಕಡೆಗೆ, ಬಲ್ಬಿನದು ಹಳದಿ ಕಡೆಗೆ. ಎರಡೂ ಸೇರಿದರೆ ನೀವು ಕಷ್ಟಪಟ್ಟು ಬೆರೆಸಿದ ಮೈಬಣ್ಣ ಕೆಡುತ್ತದೆ.

ಸ್ಟೇಷನರಿ ಅಂಗಡಿಯಲ್ಲಿ ಒಂದು ಬೂದು ಬಣ್ಣದ ಚಾರ್ಟ್ ಶೀಟ್ ತನ್ನಿ. ಅದರ ಒಂದು ತುದಿ ಗೊಂಬೆಯ ಕೆಳಗೆ ಇರಲಿ, ಇನ್ನೊಂದು ತುದಿ ಮಡಿಕೆ ಬೀಳದ ಹಾಗೆ ಹಿಂದಕ್ಕೆ ಬಾಗಿ ಗೋಡೆಗೆ ಒರಗಲಿ. ಬಿಳಿ ಶೀಟ್ ಬೇಡ. ಅಷ್ಟೊಂದು ಬಿಳಿ ಕಂಡರೆ ಕ್ಯಾಮೆರಾ ಬೆಳಕು ಜಾಸ್ತಿಯಾಯಿತು ಅಂದುಕೊಂಡು ಇಡೀ ಫೋಟೊವನ್ನು ಕಪ್ಪು ಮಾಡುತ್ತದೆ. ಗೊಂಬೆಯ ಮುಖ ಮಂಕಾಗುತ್ತದೆ.

ಫೋನನ್ನು ಗೊಂಬೆಯ ಮೂಗಿಗೆ ತಾಗಿಸುವಷ್ಟು ಹತ್ತಿರ ಹಿಡಿಯಬೇಡಿ. ಹತ್ತಿರ ಹೋದಷ್ಟೂ ಮೂಗು ದಪ್ಪ, ಕಾಲು ಸಣ್ಣ ಕಾಣುತ್ತದೆ. ಫೋಕಸ್ ಇರುವ ಪದರವೂ ತೆಳುವಾಗಿ, ಕಣ್ಣು ಸ್ಪಷ್ಟ ಇದ್ದರೆ ಕೈ ಮಸುಕಾಗುತ್ತದೆ. ಸ್ವಲ್ಪ ಹಿಂದೆ ಸರಿದು ಎರಡು ಪಟ್ಟು ಜೂಮ್ ಹಾಕಿ. ಅಗ್ಗದ ಫೋನುಗಳ ಮ್ಯಾಕ್ರೊ (ಹತ್ತಿರದ ಫೋಟೊಗೆಂದೇ ಇರುವ) ಲೆನ್ಸ್‌ಗಿಂತ ಇದು ವಾಸಿ, ಯಾಕೆಂದರೆ ಅವು ಹೆಚ್ಚಾಗಿ ಎರಡೇ ಮೆಗಾಪಿಕ್ಸೆಲ್‌ನವು. ಫೋನನ್ನು ಪುಸ್ತಕದ ರಾಶಿಗೆ ಒರಗಿಸಿ, ಗೊಂಬೆಯ ಮುಖದ ಮೇಲೆ ಬೆರಳು ಒತ್ತಿ ಫೋಕಸ್ ಮಾಡಿ, ಟೈಮರ್ ಇಟ್ಟು ಕೈ ತೆಗೆಯಿರಿ.

ಕತ್ತರಿಸಿದ ಮೇಲೇ ಕುಗ್ಗಿಸಿ

ನಾನು ಎಡವಿದ್ದು ಇಲ್ಲೇ. ಸ್ವಲ್ಪ ಲೆಕ್ಕ ಮಾಡೋಣ.

ಹನ್ನೆರಡು ಮೆಗಾಪಿಕ್ಸೆಲ್ ಫೋಟೊ ಅಂದರೆ ಸುಮಾರು 4000 ಪಿಕ್ಸೆಲ್ ಉದ್ದ, 3000 ಪಿಕ್ಸೆಲ್ ಅಗಲ. ಪಿಕ್ಸೆಲ್ ಅಂದರೆ ಬಣ್ಣದ ಒಂದು ಚುಕ್ಕೆ, ರಂಗೋಲಿಯ ಚುಕ್ಕಿ ಇದ್ದ ಹಾಗೆ. ನನ್ನ ಮೊದಲ ಫೋಟೊದಲ್ಲಿ ಗೊಂಬೆ ಮೂರನೇ ಒಂದು ಭಾಗ ಕೂಡ ಇರಲಿಲ್ಲ, ಸುಮಾರು 1200 ಪಿಕ್ಸೆಲ್ ಎತ್ತರ. ಮಿಕ್ಕಿದ್ದೆಲ್ಲಾ ಮೇಜು, ಗೋಡೆ, ಕಿಟಕಿಯ ಕಂಬಿ. ಗೊಂಬೆ 40 ಮಿಲಿಮೀಟರ್, ಅಂದರೆ ಒಂದು ಮಿಲಿಮೀಟರ್‌ಗೆ 30 ಪಿಕ್ಸೆಲ್. ಅರ್ಧ ಮಿಲಿಮೀಟರಿನ ಕುಂಕುಮಕ್ಕೆ 15 ಸಿಕ್ಕಿತ್ತು. ಇಡೀ ಫೋಟೊವನ್ನು 1600 ಪಿಕ್ಸೆಲ್‌ಗೆ ಕುಗ್ಗಿಸಿದಾಗ ಗೊಂಬೆ 480ಕ್ಕೆ ಇಳಿಯಿತು, ಕುಂಕುಮ ಆರಕ್ಕೆ. ಆರು ಚುಕ್ಕೆಯ ಕೆಂಪು ಬೊಟ್ಟು ಕಂದು ಹಣೆಯ ಮೇಲೆ ಕಾಣುವುದು ಕಷ್ಟ.

ಅದೇ ಫೋಟೊದಲ್ಲಿ ಗೊಂಬೆಯ ಸುತ್ತ ಒಂದಿಷ್ಟು ಜಾಗ ಬಿಟ್ಟು ಮಿಕ್ಕಿದ್ದನ್ನು ಕತ್ತರಿಸಿದ್ದರೆ 1400 ಪಿಕ್ಸೆಲ್ ಎತ್ತರದ ಚಿತ್ರ ಉಳಿಯುತ್ತಿತ್ತು. ಕುಗ್ಗಿಸುವ ಅಗತ್ಯವೇ ಇರುತ್ತಿರಲಿಲ್ಲ. ಕುಂಕುಮದ 15 ಚುಕ್ಕೆಯೂ ಹಾಗೇ ಉಳಿಯುತ್ತಿದ್ದವು.

ಇನ್ನೂ ಒಳ್ಳೆಯದು, ತೆಗೆಯುವಾಗಲೇ ಗೊಂಬೆ ಮುಕ್ಕಾಲು ಫೋಟೊ ತುಂಬುವಂತೆ ನೋಡಿಕೊಳ್ಳುವುದು. ಆಗ ಗೊಂಬೆ 3000 ಪಿಕ್ಸೆಲ್. ಅಂಚು ಕತ್ತರಿಸಿ 1600ಕ್ಕೆ ಇಳಿಸಿದರೂ ಕುಂಕುಮಕ್ಕೆ 17 ಸಿಗುತ್ತದೆ. ಜೊತೆಗೆ ಕುಗ್ಗಿಸಿದ ಫೋಟೊ ಮೂಲಕ್ಕಿಂತ ನೀಟಾಗಿ ಕಾಣುತ್ತದೆ. ನಾಲ್ಕೈದು ಚುಕ್ಕೆ ಸೇರಿ ಒಂದಾಗುವಾಗ ಕ್ಯಾಮೆರಾದ ಸಣ್ಣ ಕಾಳುಕಾಳು ಕೂಡ ಅಳಿಸುತ್ತದೆ.

ಕತ್ತರಿಸುವ ಆಕಾರ ಗೊಂಬೆಯ ಮೇಲೆ ಹೋಗುತ್ತದೆ. ನಿಂತ ಗೊಂಬೆಗೆ 4:5, ಅಂದರೆ ಅಗಲಕ್ಕಿಂತ ಎತ್ತರ ಸ್ವಲ್ಪ ಜಾಸ್ತಿ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಅನ್ನುವ ಹಳ್ಳಿ ಹೊಯ್ಸಳರ ಮೂಲ ಊರು ಅಲ್ವಾ, ಅದಕ್ಕೇ ನಮ್ಮ ಕಡೆ ಗೊಂಬೆ ಮಾಡುವವರಿಗೆ ಹುಲಿಯ ಜೊತೆ ಹೋರಾಡುವ ಸಳನ ಮೇಲೆ ಪ್ರೀತಿ ಜಾಸ್ತಿ. ಅದು ಅಡ್ಡಕ್ಕೆ ಹರಡಿದ ಗೊಂಬೆ. ಅದನ್ನು 4:5ರಲ್ಲಿ ತುರುಕಿದರೆ ಹುಲಿಯ ಬಾಲ ಹೋಗುತ್ತದೆ. ಅಡ್ಡ ಚೌಕಟ್ಟೇ ಇರಲಿ.

ಎಷ್ಟಕ್ಕೆ ಇಳಿಸುವುದು?

ಇನ್‌ಸ್ಟಾಗ್ರಾಮ್‌ಗೆ 1080 ಪಿಕ್ಸೆಲ್ ಅಗಲ, 4:5 ಆದರೆ 1350 ಎತ್ತರ. ಅದಕ್ಕಿಂತ ಅಗಲ ಹಾಕಿದರೆ ಅವರೇ ಇಳಿಸುತ್ತಾರೆ. ಫೇಸ್‌ಬುಕ್‌ಗೆ ಉದ್ದದ ಕಡೆ 2048. ವಾಟ್ಸ್‌ಆ್ಯಪ್‌ಗೂ ಆಲ್ಬಮ್‌ಗೂ 1600 ಸಾಕು. ಎಲ್ಲಾ ಕಡೆಗೂ ಒಂದೇ ಅಳತೆ ಬೇಕು ಅನ್ನುವವರು 1600 ಇಟ್ಟುಕೊಳ್ಳಿ.

ಪ್ರಿಂಟ್ ಅಂಗಡಿಯಲ್ಲಿ ಕೇಳುವ 300 ಡಿಪಿಐ, 72 ಡಿಪಿಐ ಲೆಕ್ಕ ಇಲ್ಲಿ ಬೇಡ. ಅದು ಕಾಗದದ ಮೇಲೆ ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಮಾತು. ಪರದೆಗೆ ಒಟ್ಟು ಎಷ್ಟು ಪಿಕ್ಸೆಲ್ ಅನ್ನುವುದಷ್ಟೇ ಮುಖ್ಯ.

ಕೆಲಸಕ್ಕೆ ಕೂರೋಣ

ಕಂಪ್ಯೂಟರ್ ಇದ್ದವರಿಗೆ ನಾನು ಹೇಳುವುದು ಇರ್ಫಾನ್‌ವ್ಯೂ (IrfanView) ಅನ್ನುವ ಫೋಟೊ ತಂತ್ರಾಂಶ. ಮನೆ ಬಳಕೆಗೆ ಉಚಿತ, ಹಳೆಯ ವಿಂಡೋಸ್ ಯಂತ್ರದಲ್ಲೂ ಚಕಚಕ ಓಡುತ್ತದೆ. ಫೋಟೊ ತೆರೆದು, ಮೌಸ್‌ನಿಂದ ಗೊಂಬೆಯ ಸುತ್ತ ಚೌಕ ಎಳೆದು, ಎಡಿಟ್ ಮೆನುವಿನಲ್ಲಿ ಕ್ರಾಪ್ ಒತ್ತಿ. ಆಮೇಲೆ ಕಂಟ್ರೋಲ್ ಮತ್ತು ಆರ್ ಒಟ್ಟಿಗೆ ಒತ್ತಿದರೆ ರೀಸೈಜ್ ಕಿಟಕಿ ಬರುತ್ತದೆ. ಉದ್ದದ ಕಡೆಗೆ 1600 ಬರೆಯಿರಿ. ಅಗಲ, ಎತ್ತರದ ಅನುಪಾತ ಕಾಯುವ ಆಯ್ಕೆಗೆ ಟಿಕ್ ಇರಲೇಬೇಕು, ಇಲ್ಲದಿದ್ದರೆ ಗೊಂಬೆ ಕುಳ್ಳಗೋ ಉದ್ದಕ್ಕೋ ಎಳೆದ ಹಾಗೆ ಆಗುತ್ತದೆ. ಕುಗ್ಗಿಸಿದ ಮೇಲೆ ಒಂದೇ ಒಂದು ಸಲ ಶಾರ್ಪನ್ (ಅಂಚು ಚೂಪು ಮಾಡುವ ಆಯ್ಕೆ). ಎರಡನೇ ಸಲ ಒತ್ತಬೇಡಿ. ಬಣ್ಣದ ಅಂಚಿಗೆಲ್ಲಾ ಬಿಳಿ ಗೆರೆ ಏಳುತ್ತದೆ, ಬ್ರಷ್‌ನ ಕೆಲಸ ಒರಟು ಕಾಣುತ್ತದೆ.

ವಿಂಡೋಸ್‌ನ ಪೇಂಟ್‌ನಲ್ಲೂ ಕುಗ್ಗಿಸಬಹುದು. ಆದರೆ ಸೇವ್ ಮಾಡುವಾಗ ಗುಣಮಟ್ಟ ಎಷ್ಟಿರಬೇಕು ಅಂತ ಅದು ಕೇಳುವುದಿಲ್ಲ. ನಮಗೆ ಬೇಕಾಗಿರುವುದೇ ಆ ಪ್ರಶ್ನೆ.

ಫೋನ್ ಮಾತ್ರ ಇದ್ದವರು ಗ್ಯಾಲರಿಯಲ್ಲೇ ಕ್ರಾಪ್ ಮಾಡಿ, ಬ್ರೌಸರ್‌ನಲ್ಲಿ ಸ್ಕ್ವೂಷ್ (squoosh.app) ಅನ್ನುವ ತಾಣ ತೆರೆಯಿರಿ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಫೋಟೊ ನಿಮ್ಮ ಫೋನ್ ಬಿಟ್ಟು ಹೊರಗೆ ಹೋಗುವುದೂ ಇಲ್ಲ. ಪರದೆಯ ಮಧ್ಯೆ ಒಂದು ಗೆರೆ ಇರುತ್ತದೆ. ಒಂದು ಬದಿಗೆ ಮೂಲ, ಇನ್ನೊಂದು ಬದಿಗೆ ಕುಗ್ಗಿದ ಚಿತ್ರ. ಗೆರೆಯನ್ನು ಗೊಂಬೆಯ ಮುಖದ ಮೇಲೆ ಎಳೆದಾಡಿ ಏನು ಉಳಿಯಿತು, ಏನು ಹೋಯಿತು ಅಂತ ಕಣ್ಣಾರೆ ನೋಡಬಹುದು.

ಕೆಂಪು ಯಾಕೆ ಮೊದಲು ಕೆಡುತ್ತದೆ?

ಕ್ಯಾಮೆರಾ ಫೋಟೊಗಳು ಸಾಮಾನ್ಯವಾಗಿ ಜೆಪೆಗ್ (JPEG) ಅನ್ನುವ ಬಗೆಯ ಫೈಲು. ಜಾಗ ಉಳಿಸಲು ಅದು ಎರಡು ಕೆಲಸ ಮಾಡುತ್ತದೆ. ಫೋಟೊವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮವನ್ನು ಬಿಟ್ಟುಬಿಡುತ್ತದೆ. ಇನ್ನೊಂದು, ಬೆಳಕು-ನೆರಳನ್ನು ಪೂರ್ತಿ ಇಟ್ಟುಕೊಂಡು ಬಣ್ಣವನ್ನು ಮಾತ್ರ ಅರ್ಧ ಅಳತೆಯಲ್ಲಿ ಬರೆದಿಡುವುದು ರೂಢಿ. ಬೆಟ್ಟ, ತೋಟದ ಫೋಟೊಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ನಮ್ಮ ಕಣ್ಣು ಬೆಳಕನ್ನು ಗಮನಿಸುವಷ್ಟು ಚುರುಕಾಗಿ ಬಣ್ಣವನ್ನು ಗಮನಿಸುವುದಿಲ್ಲ.

ಕುಂಕುಮದ ವಿಷಯ ಬೇರೆ. ಕಂದು ಹಣೆಯೂ ಕೆಂಪು ಬೊಟ್ಟೂ ಬೆಳಕಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದೇ ಬಣ್ಣದಲ್ಲಿ. ಆ ಬಣ್ಣವನ್ನೇ ಅರ್ಧಕ್ಕೆ ಇಳಿಸಿದರೆ ಬೊಟ್ಟು ಹಣೆಯೊಳಗೆ ಕರಗುತ್ತದೆ. ಸೀರೆಯ ಕೆಂಪು ಅಂಚಿನ ಸಣ್ಣ ಗೆರೆಗೂ ಇದೇ ಗತಿ. ಇರ್ಫಾನ್‌ವ್ಯೂನಲ್ಲಿ ಜೆಪೆಗ್ ಸೇವ್ ಮಾಡುವಾಗ ಬರುವ ಕಿಟಕಿಯಲ್ಲಿ ಈ ಬಣ್ಣ ಇಳಿಸುವುದನ್ನು ನಿಲ್ಲಿಸುವ ಆಯ್ಕೆ ಇದೆ, 'ಕ್ರೋಮಾ' ಅನ್ನುವ ಪದ ಇರುವ ಸಾಲು. ಅದಕ್ಕೆ ಟಿಕ್ ಹಾಕಿ. ಗುಣಮಟ್ಟ 85ರ ಆಸುಪಾಸು ಇರಲಿ. ಬೂದು ಹಿನ್ನೆಲೆಯ 1600 ಪಿಕ್ಸೆಲ್ ಗೊಂಬೆ ಹೀಗೆ ಸುಮಾರು 300 ಕೆಬಿಯಲ್ಲಿ ಮುಗಿಯುತ್ತದೆ. ಫೋನಿನ ಮೂಲ ಫೋಟೊ 5 ಎಂಬಿ ಅಂತ ಇಟ್ಟುಕೊಂಡರೆ, ಆರು ಕೋನದ ಆರು ಫೋಟೊಗೆ 30 ಎಂಬಿ. ಈಗ ಎರಡು ಎಂಬಿಗಿಂತ ಕಡಿಮೆ. ಒಂದೇ ಕಡ್ಡಿ ಸಿಗ್ನಲ್ ಬರುವ ತೋಟದ ಮನೆಯಲ್ಲಿ ಇದು ದೊಡ್ಡ ಉಪಕಾರ.

ಜೆಪೆಗ್ ಅನ್ನು ತಿದ್ದಿ ಸೇವ್ ಮಾಡಿದಾಗಲೆಲ್ಲಾ ಇನ್ನಷ್ಟು ಕೆಡುತ್ತದೆ. ಆದ್ದರಿಂದ ತಿದ್ದುಪಡಿ ಬೇಕಾದರೆ ಪ್ರತಿ ಸಲ ಮೂಲದಿಂದಲೇ ಶುರು ಮಾಡಿ. ಕುಗ್ಗಿಸಿದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಮೂಲದ ಮೇಲೆ ಯಾವತ್ತೂ ಬೇಡ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ, ತಿಂಗಳು, ಗೊಂಬೆ, ಕೋನ ತಿಳಿಯುವಂತೆ ಇದ್ದರೆ ಮುಂದೆ ಹುಡುಕಲು ಸುಲಭ.

ಎಲ್ಲಿ ಇಡುವುದು?

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಮತ್ತೆ ಕುಗ್ಗಿಸುತ್ತದೆ. 2023ರಲ್ಲಿ ಬಂದ ಎಚ್‌ಡಿ ಗುಂಡಿ ಒತ್ತಿ ಕಳಿಸಿದರೆ ಹಾನಿ ಕಡಿಮೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ.

ತುಂಬಾ ಜನರಿಗೆ ತೋರಿಸಬೇಕು, ವರ್ಷಗಟ್ಟಲೆ ಇರಬೇಕು ಅಂದರೆ ಒಂದು ಕಡೆ ಆಲ್ಬಮ್ ಮಾಡಿ ಲಿಂಕ್ ಹಂಚುವುದು ಸರಿ. ಗೂಗಲ್ ಫೋಟೋಸ್ ಹೆಚ್ಚಿನವರ ಫೋನಿನಲ್ಲಿ ಇದ್ದೇ ಇದೆ. 2021ರ ಜೂನ್ 1ರಿಂದ ಅಲ್ಲಿ ಹಾಕುವ ಫೋಟೊ ಎಲ್ಲಾ 15 ಜಿಬಿ ಉಚಿತ ಜಾಗದ ಲೆಕ್ಕಕ್ಕೆ ಸೇರುತ್ತದೆ, ಮೇಲ್ ಕೂಡ ಅದರಲ್ಲೇ. 300 ಕೆಬಿ ಫೋಟೊಗೆ ಅದು ಧಾರಾಳ. ಸೆಟ್ಟಿಂಗ್‌ನಲ್ಲಿ 'ಒರಿಜಿನಲ್ ಕ್ವಾಲಿಟಿ' ಇಡಿ. ಫೋಟೊ ಹಂಚುವ ತಾಣ ಫ್ಲಿಕರ್‌ನಲ್ಲಿ ಉಚಿತ ಖಾತೆಗೆ 1000 ಫೋಟೊ. ಗೊಂಬೆ ಕೆಲಸಕ್ಕೆ ನನಗೆ ಅದು ಇಷ್ಟ. ಹಿನ್ನೆಲೆ ಶಾಂತವಾಗಿದೆ, ಫೋಟೊ ದೊಡ್ಡದಾಗಿ ತೆರೆಯುತ್ತದೆ.

ಲಿಂಕ್‌ನಲ್ಲಿ ಎರಡು ಬಗೆ. ಒಂದು ಆಲ್ಬಮ್ ಪುಟಕ್ಕೆ ಕರೆದೊಯ್ಯುತ್ತದೆ. ಇನ್ನೊಂದು ನೇರ ಚಿತ್ರಕ್ಕೆ, ಅದರ ಕೊನೆಯಲ್ಲಿ ಹೆಚ್ಚಾಗಿ 'ಡಾಟ್ ಜೆಪಿಜಿ' ಇರುತ್ತದೆ. ಜನರಿಗೆ ಕಳಿಸಲು ಮೊದಲನೆಯದು. ಬೇರೆ ಪುಟದ ಒಳಗೆ ಚಿತ್ರ ಕೂರಿಸಬೇಕಾದರೆ ಎರಡನೆಯದು.

ಉಚಿತ ಜಾಗವನ್ನು ಸ್ವಂತ ಮನೆ ಅಂದುಕೊಳ್ಳಬಾರದು. 2017ರಲ್ಲಿ ಫೋಟೊ ಇಡುವ ಫೋಟೊಬಕೆಟ್ ತಾಣ, ಬೇರೆ ತಾಣಗಳಲ್ಲಿ ಚಿತ್ರ ತೋರಿಸಲು ವರ್ಷಕ್ಕೆ 399 ಡಾಲರ್ ಕೇಳಿತು. ಪ್ರಪಂಚದಾದ್ಯಂತ ಹವ್ಯಾಸಿಗಳು ವರ್ಷಗಳಿಂದ ಸೇರಿಸಿದ್ದ ಚಿತ್ರಗಳ ಜಾಗದಲ್ಲಿ ಹಣದ ಸೂಚನೆ ಬಂದು ಕೂತಿತು. 2023ರಲ್ಲಿ ಇಮ್ಗರ್ ಅನ್ನುವ ಅಂಥದೇ ತಾಣ, ಖಾತೆ ಇಲ್ಲದೆ ಹಾಕಿದ, ಬಳಕೆಯಲ್ಲಿಲ್ಲದ ಹಳೆಯ ಚಿತ್ರಗಳನ್ನು ಅಳಿಸಲು ಶುರು ಮಾಡಿತು. ಎರಡು ವರ್ಷ ಮುಟ್ಟದ ಗೂಗಲ್ ಖಾತೆಯನ್ನೂ ಅವರು ಅಳಿಸಬಹುದು. ಗೊಂಬೆಯ ಬಣ್ಣ ಒಂದು ದಿನ ಉದುರುತ್ತದೆ, ಗೊಂಬೆ ಬಿದ್ದು ಕೈ ಮುರಿಯುತ್ತದೆ. ಆಮೇಲೆ ಉಳಿಯುವುದು ಫೋಟೊ ಒಂದೇ. ಮೂಲ ಫೋಟೊಗಳು ಕಂಪ್ಯೂಟರ್‌ನಲ್ಲಿ ಒಂದು ಪ್ರತಿ, ಹಾರ್ಡ್ ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ಇರಲೇಬೇಕು. ನಮ್ಮ ಮಳೆಗಾಲದ ತೇವಕ್ಕೆ ಆ ಡಿಸ್ಕನ್ನು ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಕಳಿಸುವ ಮುನ್ನ

ಫೋನ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ, ಫೋಟೊ ತೆಗೆದ ಜಾಗ ಫೈಲಿನ ಒಳಗೇ ಬರೆದಿರುತ್ತದೆ. ಮನೆಯಲ್ಲಿ ತೆಗೆದದ್ದಾದರೆ ಅದು ನಿಮ್ಮ ಮನೆಯ ವಿಳಾಸವೇ. ಡಾಕ್ಯುಮೆಂಟ್ ಆಗಿ ಕಳಿಸಿದಾಗ ಅದೂ ಜೊತೆಗೆ ಹೋಗುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಬಿಡಿ. ಹಳೆಯ ಫೋಟೊ ಆದರೆ ವಿಂಡೋಸ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್. ಅಡಿಯಲ್ಲಿ ಈ ಮಾಹಿತಿ ತೆಗೆದುಹಾಕುವ ಸಾಲು ಇದೆ.

ಇನ್ನು ಲಿಂಕ್ ಪರೀಕ್ಷೆ. ನಿಮ್ಮ ಬ್ರೌಸರ್‌ನಲ್ಲಿ ನೀವು ಲಾಗಿನ್ ಆಗಿರುತ್ತೀರಿ, ನಿಮಗೆ ಎಲ್ಲವೂ ಕಾಣುತ್ತದೆ. ಬೇರೆಯವರಿಗೆ 'ಅನುಮತಿ ಇಲ್ಲ' ಅಂತ ಬರಬಹುದು. ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ, ಬ್ರೌಸರ್‌ನ ಇನ್‌ಕಾಗ್ನಿಟೊ (ನಿಮ್ಮ ಲಾಗಿನ್ ಬಳಸದ) ಕಿಟಕಿಯಲ್ಲಿ ತೆರೆದು ನೋಡಿ.

ಕಾಫಿ ಕುಯ್ಯುವ ಹೆಂಗಸಿನ ಫೋಟೊವನ್ನು ನಾನು ಇದೇ ಕ್ರಮದಲ್ಲಿ ಮತ್ತೆ ಮಾಡಿ ಕಳಸಕ್ಕೆ ಕಳಿಸಿದೆ. ದೊಡ್ಡಮ್ಮ ಈ ಸಲ ಕುಂಕುಮದ ಮಾತೇ ಎತ್ತಲಿಲ್ಲ. ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದ್ದರು ಅಂತ ಕಾಣುತ್ತದೆ. "ಶರ್ಟಿನ ಮೇಲಿನ ಗುಂಡಿ ಒಂದು ಹೋಗಿದೆಯಲ್ಲ, ನಮ್ಮ ತೋಟದವರದ್ದೂ ಹಂಗೇ ಇರುತ್ತೆ" ಅಂದರು. ಆ ಗುಂಡಿಯ ಜಾಗ ನಾನು ಬೇಕೆಂದೇ ಖಾಲಿ ಬಿಟ್ಟಿದ್ದೆ.