ಗುಂಡೇಟಿನ ಗಾಯ ಶರ್ಟ್ ಮೇಲೆ ಜಾರಬಾರದು ಅಂದ್ರೆ ಏನ್ ಮಾಡ್ಬೇಕು?

ಕಡಿಮೆ ಬಜೆಟ್ ಸಿನಿಮಾಗಳಲ್ಲಿ ಗುಂಡು ಬಿದ್ದ ಶಾಟ್ ಬಂದಾಗ ಮೊದಲು ಕಣ್ಣಿಗೆ ಹೊಡೆಯೋದು ಎದೆ ಮೇಲೆ ಅತ್ತಿತ್ತ ಜಾರಾಡೋ ಗಾಯ. ನಟ ಉಸಿರೆಳ್ಕೊಂಡ್ರೆ ಶರ್ಟ್ ಒಂದ್ಕಡೆ ಹೋಗತ್ತೆ, ಗಾಯ ಇನ್ನೊಂದ್ಕಡೆ. ಭಯಂಕರವಾದ ಗಾಯದ ಫೋಟೊ ಹುಡುಕೋದ್ರಲ್ಲಿ ಇಡೀ ದಿನ ಕಳೆಯೋರು ಟ್ರ್ಯಾಕಿಂಗ್‌ಗೆ (ಎಡಿಟಿಂಗ್‌ನಲ್ಲಿ ಹಾಕಿದ ಗಾಯ ಶರ್ಟ್ ಜೊತೆಗೇ ಚಲಿಸೋ ಹಾಗೆ ಸಾಫ್ಟ್‌ವೇರ್‌ನಲ್ಲಿ ಕೂರಿಸೋದಕ್ಕೆ) ಅರ್ಧ ಗಂಟೆ ಕೊಡಲ್ಲ, ಅಲ್ಲೇ ಕೆಡೋದು.

ಶೂಟಿಂಗ್ ದಿನವೇ ಅರ್ಧ ಕೆಲಸ ಮುಗಿಸ್ಕೊಳ್ಳಿ. ಒಂದೇ ಥರದ ಎರಡು ಶರ್ಟ್ ತಗೊಳ್ಳಿ, ತಿಳಿ ನೀಲಿನೋ ಬೂದು ಬಣ್ಣದ್ದೋ ಆಗ್ಲಿ, ಸಣ್ಣ ಚೌಕಳಿ ಇದ್ರೆ ಇನ್ನೂ ಒಳ್ಳೇದು, ಟ್ರ್ಯಾಕರ್‌ಗೆ ಹಿಡ್ಕೊಳ್ಳೋಕೆ ಏನಾದ್ರೂ ಸಿಗತ್ತೆ. ಕಪ್ಪು ಶರ್ಟ್ ಬೇಡ್ವೇ ಬೇಡ, ಅದ್ರ ಮೇಲೆ ರಕ್ತ ಬರೀ ಒದ್ದೆ ಆದ ಹಾಗೆ ಕಾಣತ್ತೆ. ಗಾಯ ಬರೋ ಜಾಗದಲ್ಲಿ ಪೆನ್ನಿಂದ ನಾಲ್ಕು ಚುಕ್ಕಿ ಇಡಿ, ಆಮೇಲೆ ರಕ್ತದ ಕಲೆಯೇ ಅದನ್ನ ಮುಚ್ಚೋ ಅಷ್ಟು ಹತ್ತಿರದಲ್ಲಿ ಇಟ್ರೆ ಅಳಿಸೋ ಕೆಲಸಾನೇ ಇರಲ್ಲ. ಎರಡನೇ ಶರ್ಟ್‌ಗೆ ನಕಲಿ ರಕ್ತ ಹಾಕಿ ಅದೇ ಲೈಟ್‌ನಲ್ಲಿ, ಅದೇ ಕ್ಯಾಮೆರಾದಲ್ಲಿ ಫೋಟೊ ತೆಗೀರಿ. ಇಂಟರ್‌ನೆಟ್‌ನಿಂದ ಇಳಿಸಿದ ಯಾವ ಗಾಯಕ್ಕಿಂತಲೂ ಈ ಫೋಟೊನೇ ಚೆನ್ನಾಗಿ ಕೂತ್ಕೊಳತ್ತೆ, ಮುಂದಿನ ಶಾಟ್‌ಗಳಲ್ಲಿ ನಟನಿಗೆ ಈ ಶರ್ಟ್ ಹಾಕಿಸಿದ್ರೆ ಕಂಟಿನ್ಯೂಯಿಟಿನೂ ಸರಿಹೋಗತ್ತೆ. ಡಿಜಿಟಲ್ ಕೆಲಸ ಗುಂಡು ತಗಲೋ ಆ ಒಂದು ಶಾಟ್‌ಗೆ ಮಾತ್ರ ಸಾಕು.

ಇನ್ನೊಂದು ಮಾತು, ಸೆಟ್‌ಗೆ ನಿಜವಾದ ಬಂದೂಕು ತರಬೇಡಿ. ಬ್ಲ್ಯಾಂಕ್ (ಗುಂಡಿಲ್ಲದೆ ಮದ್ದು ಮಾತ್ರ ಇರೋ ತೋಟಾ) ತಾನೆ ಅಂತ ಧೈರ್ಯ ಮಾಡೋರಿದ್ದಾರೆ, ಹತ್ತಿರದಿಂದ ಹಾರಿಸಿದ್ರೆ ಬ್ಲ್ಯಾಂಕ್ ಕೂಡ ಜೀವ ತೆಗೆಯತ್ತೆ. ರಬ್ಬರ್ ಬಂದೂಕು ಸಾಕು, ಬೆಂಕಿನ ಎಡಿಟಿಂಗ್‌ನಲ್ಲಿ ಹಾಕ್ಬಹುದು.

ಈಗ ಟ್ರ್ಯಾಕಿಂಗ್. ಆಫ್ಟರ್ ಎಫೆಕ್ಟ್ಸ್ ಜೊತೆಗೇ ಮೋಕಾ ಅನ್ನೋ ಟ್ರ್ಯಾಕಿಂಗ್ ಪ್ಲಗಿನ್ ಬರತ್ತೆ, ದುಡ್ಡು ಹಾಕೋಕೆ ಆಗಲ್ಲ ಅಂದ್ರೆ ಡಾವಿಂಚಿ ರಿಸಾಲ್ವ್‌ನ ಫ್ರೀ ವರ್ಷನ್‌ನಲ್ಲಿ ಫ್ಯೂಷನ್ ಪೇಜ್‌ಗೆ ಹೋಗಿ, ಅಲ್ಲಿ ಪ್ಲೇನರ್ ಟ್ರ್ಯಾಕರ್ ಇದೆ, ಒಂದು ಚುಕ್ಕಿ ಬದಲು ಇಡೀ ಮೇಲ್ಮೈನ ಹಿಂಬಾಲಿಸೋದು. ಒಂದೇ ಪಾಯಿಂಟ್ ಟ್ರ್ಯಾಕ್ ಮಾಡಿ ಮುಗಿಸೋ ಶಾರ್ಟ್‌ಕಟ್ ಬಟ್ಟೆ ಮೇಲೆ ನಡೆಯಲ್ಲ, ಗಾಯ ತಿರುಗಲ್ಲ, ವಾಲಲ್ಲ, ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣತ್ತೆ. ಮೊದಲ ಫ್ರೇಮ್‌ನಿಂದಲೇ ಶುರು ಮಾಡ್ಬೇಕು ಅಂತೇನಿಲ್ಲ. ಎದೆ ನೇರವಾಗಿ ಕ್ಯಾಮೆರಾ ಕಡೆ ಇರೋ, ಮಸುಕಿಲ್ಲದ ಒಂದು ಫ್ರೇಮ್ ಹುಡುಕಿ, ಅಲ್ಲಿಂದ ಮುಂದಕ್ಕೂ ಹಿಂದಕ್ಕೂ ಟ್ರ್ಯಾಕ್ ಮಾಡಿ. ಎಳೆಯೋ ಶೇಪ್ ಅಂಗೈ ಅಗಲ ಇರ್ಲಿ, ತೀರಾ ಚಿಕ್ಕದಾದ್ರೆ ನಡುಗತ್ತೆ, ದೊಡ್ಡದಾದ್ರೆ ಕಾಲರ್ರು, ತೋಳು ಎಲ್ಲ ಒಳಗೆ ಬಂದು ಟ್ರ್ಯಾಕ್ ಅವುಗಳ ಹಿಂದೆ ಹೋಗಿಬಿಡತ್ತೆ. ನಟನ ಕೈ ಅಡ್ಡ ಬಂದ್ರೆ ಕೈಗೆ ಬೇರೆ ಶೇಪ್ ಎಳೆದು ಅದನ್ನ ಲೆಕ್ಕದಿಂದ ಹೊರಗಿಡಿ. ಪರ್‌ಸ್ಪೆಕ್ಟಿವ್ ಆಪ್ಷನ್ ಆಫ್ ಮಾಡಿ, ಮೆತ್ತಗಿನ ಬಟ್ಟೆ ಮೇಲೆ ಅದು ಚಿತ್ರದ ಮೂಲೆಗಳನ್ನ ಎಳೆದಾಡತ್ತೆ, ಪೊಸಿಷನ್, ಸ್ಕೇಲ್, ರೊಟೇಷನ್, ಶಿಯರ್ (ಓರೆಯಾಗಿ ವಾಲೋದು) ಇಷ್ಟು ಸಾಕು.

ಟ್ರ್ಯಾಕ್ ಆಯ್ತು ಅಂತ ತಕ್ಷಣ ರಕ್ತ ಹಾಕಬೇಡಿ. ಗಾಯದ ಜಾಗದಲ್ಲಿ ಗ್ರಿಡ್ ಚಿತ್ರ ಇಟ್ಟು, 200% ಜೂಮ್ ಮಾಡಿ, ಗೆರೆಯ ಒಂದು ಮೂಲೆ ಮತ್ತೆ ಪಕ್ಕದ ಚೌಕಳಿ ಎರಡನ್ನೂ ಒಟ್ಟಿಗೆ ನೋಡ್ತಾ ಪ್ಲೇ ಮಾಡಿ. ಯಾವ ಫ್ರೇಮ್‌ನಲ್ಲಿ ಜಾರತ್ತೋ ಅಲ್ಲಿ ಕೈಯಿಂದ ಸರಿ ಮಾಡ್ಬೇಕು, ಬೇಜಾರಿನ ಕೆಲಸ ನಿಜ, ಆದ್ರೆ ಬೇರೆ ದಾರಿ ಇಲ್ಲ. ದೊಡ್ಡ ಮಡಿಕೆ ಬೀಳೋ ಕಡೆ ಮಾತ್ರ ಮೆಶ್ ವಾರ್ಪ್ (ಚಿತ್ರವನ್ನ ಬಲೆಯ ಹಾಗೆ ಅಲ್ಲಲ್ಲಿ ಬಗ್ಗಿಸೋ ಟೂಲ್) ಹಾಕಿ.

ರಕ್ತಕ್ಕೆ ಮೂರು ಲೇಯರ್. ಮೊದಲನೇದು ಗುಂಡಿನ ತೂತು. 9 ಎಂಎಂ ಗುಂಡಿನ ಅಗಲ ಶರ್ಟ್ ಬಟನ್‌ಗಿಂತ ಸ್ವಲ್ಪ ಕಮ್ಮಿನೇ, ಹಾಗಾಗಿ ತೂತು ಅಷ್ಟೇ ಇರ್ಲಿ, ನಿಂಬೆಹಣ್ಣಿನ ಗಾತ್ರದ್ದು ಮಾಡಬೇಡಿ. ಬಣ್ಣ ಅಚ್ಚ ಕಪ್ಪು ಬೇಡ, ಶಾಟ್‌ನಲ್ಲಿರೋ ಅತಿ ಗಾಢ ನೆರಳಿಗೆ ಮ್ಯಾಚ್ ಮಾಡಿ, ಅದಕ್ಕೆ ಸ್ವಲ್ಪ ಕಂದುಗೆಂಪು ಸೇರಿಸಿ. ಎರಡನೇದು ಕಲೆ, ಇದು ಕೆಳಗಿನ ಚಿತ್ರವನ್ನ ಗಾಢ ಮಾಡೋ ಮಲ್ಟಿಪ್ಲೈ ಮೋಡ್‌ನಲ್ಲಿ, ಆಗ್ಲೇ ಶರ್ಟಿನ ನೆರಿಗೆ ರಕ್ತದೊಳಗಿಂದ ಕಾಣೋದು. ಕಲೆಯ ಅಂಚು ದುಂಡಗಿರಬಾರದು, ನಾಯ್ಸ್ ಹಾಕಿ ಒಡಕಲು ಮಾಡಿ, ಗುಂಡು ತಗಲಿದ ಕೆಲವು ಫ್ರೇಮ್ ಬಿಟ್ಟು ನಿಧಾನಕ್ಕೆ ಹರಡ್ಲಿ. ಮೂರನೇದನ್ನ ಎಲ್ಲರೂ ಮರೀತಾರೆ: ಒದ್ದೆಯ ಹೊಳಪು. ಲೈಟ್ ಯಾವ ಕಡೆಯಿಂದ ಬರ್ತಿದೆಯೋ ಆ ಕಡೆ, ಚಿತ್ರವನ್ನ ತಿಳಿ ಮಾಡೋ ಸ್ಕ್ರೀನ್ ಮೋಡ್‌ನಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕಿ ಇಡಿ. ಇದಿಲ್ದಿದ್ರೆ ರಕ್ತ ಒಣಗಿದ ಪೇಂಟ್ ಥರ ಕಾಣತ್ತೆ.

ತಗಲೋ ಕ್ಷಣಕ್ಕೆ ಒಂದೆರಡು ಫ್ರೇಮ್ ಧೂಳು, ನೂಲು, ಸ್ವಲ್ಪ ಹನಿ ಸಾಕು. 24 ಫ್ರೇಮ್ ಲೆಕ್ಕದಲ್ಲಿ ಒಂದು ಫ್ರೇಮ್ ಅಂದ್ರೆ ಸುಮಾರು 42 ಮಿಲಿಸೆಕೆಂಡ್, ಕಣ್ಣು ಅದನ್ನ ಹಿಡಿಯತ್ತೆ. ರೆಡಿಮೇಡ್ ಬ್ಲಡ್ ಪ್ಯಾಕ್‌ಗಳಲ್ಲಿ ಬರೋ ಕಾರಂಜಿಗಳನ್ನ ನಾನಂತೂ ಬಳಸಲ್ಲ, ಬಳಸಲೇಬೇಕಾದ್ರೆ ಮೊದಲ ಮೂರು ಫ್ರೇಮ್ ಇಟ್ಕೊಂಡು ಉಳಿದದ್ದು ಕತ್ತರಿಸಿ. ನಟ ಹಿಂದಕ್ಕೆ ಹಾರಿ ಬೀಳೋದೂ ಬೇಡ, ಗುಂಡಿಗೆ ಮನುಷ್ಯನನ್ನ ಎತ್ತಿ ಎಸೆಯೋ ಶಕ್ತಿ ಇಲ್ಲ, ಇದ್ದಿದ್ರೆ ಹಾರಿಸಿದವನೂ ಹಾರಿ ಬೀಳ್ಬೇಕಿತ್ತು.

ಕೊನೆಗೆ ಮೋಷನ್ ಬ್ಲರ್ ಆನ್ ಮಾಡಿ, ಫುಟೇಜ್‌ನಷ್ಟೇ ಗ್ರೇನ್ (ಚಿತ್ರದಲ್ಲಿ ಕಾಣೋ ಸಣ್ಣ ಕಾಳುಕಾಳು) ಹಾಕಿ. ವ್ಯೂವರ್‌ನಲ್ಲಿ ಗಾಮಾ (ಮಧ್ಯದ ಟೋನ್‌ಗಳ ಬೆಳಕು) ಏರಿಸಿ ನೋಡಿದ್ರೆ ಗಾಯದ ಸುತ್ತ ಉಳಿದಿರೋ ಅಂಚು ಗೊತ್ತಾಗತ್ತೆ. ಕಲರ್ ಗ್ರೇಡಿಂಗ್ ಇದೆಲ್ಲ ಆದ್ಮೇಲೆ. ಗ್ರೇಡ್‌ನಲ್ಲಿ ಕಾಂಟ್ರಾಸ್ಟ್ ಏರಿಸಿದಾಗ ರಕ್ತ ಕಪ್ಪಾಗೋದುಂಟು, ಹಾಗಾದ್ರೆ ಗ್ರೇಡ್ ಮುಟ್ಟಬೇಡಿ, ಕಲೆಯ ಲೇಯರ್‌ನ ಒಪಾಸಿಟಿ ಇಳಿಸಿ ಮತ್ತೆ ರೆಂಡರ್ ಹಾಕಿ.