ಊದಿದ ಸ್ಪೀಕರ್ ಪೆಟ್ಟಿಗೆಗೆ ಮೊದಲು ಗಾಳಿ, ಆಮೇಲೆ ಅಂಟು

ದಾವಣಗೆರೆಯಲ್ಲಿ ಹಳೇ ಸ್ಪೀಕರ್ ಕೈಗೆ ಸಿಗುವ ಕಾಲಗಳಿವೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಮೈಕ್ ಸೆಟ್‌ನವರು ಹೊಸ ಬಾಕ್ಸ್ ತಂದು ಹಳೆಯದನ್ನು ಮಾರುತ್ತಾರೆ. ದೀಪಾವಳಿಗೆ ಸುಣ್ಣ ಬಣ್ಣ ಮಾಡಿಸುವ ಮನೆಗಳಲ್ಲಿ ಅಟ್ಟದ ಮೇಲಿನ ಸಾಮಾನು ಕೆಳಗಿಳಿಯುತ್ತದೆ. ಹೀಗೆ ಸಿಕ್ಕ ಜೋಡಿಗಳಲ್ಲಿ ಸ್ಪೀಕರ್ ಗಟ್ಟಿಯಾಗಿದ್ದು ಪೆಟ್ಟಿಗೆ ಕೆಟ್ಟಿರುವುದನ್ನೇ ನಾನು ಹೆಚ್ಚು ನೋಡಿದ್ದೇನೆ. ನೆಲ ಒರೆಸುವ ನೀರು ಹೀರಿ ಕೆಳಗಿನ ಮೂಲೆ ಊದಿರುತ್ತದೆ. ಕೊಂಡವರು ಆ ಮೂಲೆಗೆ ಅಂಟು ಸುರಿದು, ಪುಟ್ಟಿ ಮೆತ್ತಿ, ಮೇಲೆ ಮರದ ಗೆರೆಯ ಸ್ಟಿಕ್ಕರ್ ಹೊದಿಸಿಬಿಡುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪುಟ್ಟಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅಂಥವನ್ನು ಬಿಚ್ಚಿ ನೋಡಿದರೆ ಒಳಗೆ ಹಲಗೆ ಇನ್ನೂ ಒದ್ದೆ.

ಕೊಳ್ಳುವಾಗ ಜೇಬಿನಲ್ಲಿ ಒಂದೂವರೆ ವೋಲ್ಟಿನ ಸೆಲ್, ಎರಡು ತುಂಡು ವೈರು, ಒಂದು ಮಲ್ಟಿಮೀಟರ್ ಇರಲಿ. ಹಿಂದಿನ ಟರ್ಮಿನಲ್‌ಗೆ ಸೆಲ್ ಒಂದು ಕ್ಷಣ ಮುಟ್ಟಿಸಿದರೆ ಊಫರ್‌ನ (ದಪ್ಪ ಸದ್ದಿನ ದೊಡ್ಡ ಸ್ಪೀಕರ್) ಕೋನ್, ಅಂದರೆ ಮುಂದಿನ ಬಟ್ಟಲು, ಟಪ್ಪೆಂದು ಅಲುಗಬೇಕು, ಜೋಡಿಯ ಎರಡೂ ಒಂದೇ ದಿಕ್ಕಿಗೆ ಅಲುಗಬೇಕು. 8 ಓಮ್ ಎಂದು ಬರೆದ ಸ್ಪೀಕರಿಗೆ ಮೀಟರ್ ಸುಮಾರು 5.5ರಿಂದ 7 ತೋರಿಸುತ್ತದೆ, ಅದು ಸರಿಯೇ. ಏನೂ ತೋರಿಸದಿದ್ದರೆ ಕೋನನ್ನು ಅಲುಗಿಸುವ ತಂತಿ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಸುಟ್ಟಿರಬಹುದು. ಬೆರಳುಗಳನ್ನು ಅಗಲಿಸಿ ಕೋನನ್ನು ಸಮನಾಗಿ ಮೆಲ್ಲಗೆ ಒತ್ತಿ. ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ, ಅದು ಬೇಡ. ಕೋನ್ ಸುತ್ತಲಿನ ಫೋಮ್ ಪಟ್ಟಿ ಪುಡಿಯಾಗಿದ್ದರೆ ಹೆದರಬೇಕಿಲ್ಲ. ಅಳತೆಗೆ ತಕ್ಕ ಹೊಸದನ್ನು ತಂದು ಅಂಟಿಸಬಹುದು.

ಇನ್ನು ಪೆಟ್ಟಿಗೆ. ಮೈಕ್ ಸೆಟ್‌ನವರ ಬಾಕ್ಸ್ ಬಹುಪಾಲು ಪ್ಲೈವುಡ್, ಮನೆಯ ಸ್ಪೀಕರ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಥವಾ ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ್ದು). ಪ್ಲೈವುಡ್ ನೀರು ಕುಡಿದರೆ ಪದರ ಬಿಡುತ್ತದೆ, ಮತ್ತೆ ಕೂಡಿಸಬಹುದು. ಎಂಡಿಎಫ್ ಭಟ್ಟಿಯಲ್ಲಿ ಮಂಡಕ್ಕಿ ಅರಳುವ ಹಾಗೆ ಅರಳುತ್ತದೆ, ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಪಾರ್ಟಿಕಲ್ ಬೋರ್ಡ್ ನೆನೆದ ಅವಲಕ್ಕಿಯಂತೆ ಕೈಯಲ್ಲೇ ಉದುರುತ್ತದೆ. ಹಿಂಬದಿಯಲ್ಲಿ ಗೆದ್ದಲಿನ ಮಣ್ಣು ಕಂಡರೆ ಎಷ್ಟೇ ಅಗ್ಗವಾದರೂ ಅಲ್ಲೇ ಬಿಟ್ಟು ಬನ್ನಿ.

ಮನೆಗೆ ತಂದ ಮೇಲೆ ವೈರುಗಳ ಫೋಟೋ ತೆಗೆದುಕೊಂಡು ಊಫರ್, ಸಣ್ಣ ಸದ್ದಿನ ಟ್ವೀಟರ್, ಇವೆರಡಕ್ಕೂ ಸದ್ದು ಹಂಚುವ ಕ್ರಾಸೋವರ್, ಒಳಗಿನ ಹತ್ತಿ ಎಲ್ಲ ಬಿಚ್ಚಿಡಿ. ಸ್ಪೀಕರ್ ಇಟ್ಟುಕೊಂಡೇ ಉಜ್ಜಲು ಹೋಗಬೇಡಿ, ಹಳೇ ಮೊಳೆ ಸ್ಕ್ರೂಗಳ ಕಬ್ಬಿಣದ ಚೂರನ್ನು ಮ್ಯಾಗ್ನೆಟ್ ಒಳಕ್ಕೆ ಎಳೆದುಕೊಳ್ಳುತ್ತದೆ.

ಈಗ ಎಲ್ಲರೂ ಎಡವುವ ಕೆಲಸ: ಒಣಗಿಸುವುದು. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಇಟ್ಟರೆ ಎರಡೇ ದಿನದ ಕೆಲಸ ಎನಿಸುತ್ತದೆ. ಆದರೆ ನೇರ ಬಿಸಿಲಿಗೆ ಮೇಲೆ ಅಂಟಿಸಿದ ತೆಳು ಮರದ ಪದರ, ಅಂದರೆ ವೀನೀರ್, ಸೀಳುತ್ತದೆ, ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಇರುತ್ತದೆ. ನೆರಳಿನಲ್ಲಿ, ಫ್ಯಾನ್ ಗಾಳಿಗೆ, ಕೆಟ್ಟ ಮೂಲೆ ಮೇಲೆ ಬರುವಂತೆ ಮಗುಚಿಡಿ. ಮುಟ್ಟಿ ನೋಡಿ ಒಣಗಿದೆ ಎಂದುಕೊಂಡು ನಾನೇ ಒಮ್ಮೆ ಕೆಟ್ಟಿದ್ದೇನೆ. ಆರನೇ ದಿನ ಅಂಟು ಹಾಕಿದ ಮೂಲೆ ಶ್ರಾವಣಕ್ಕೆ ಬಾಯಿ ಬಿಟ್ಟಿತು. ಅಂದಿನಿಂದ ತಕ್ಕಡಿಯನ್ನೇ ನಂಬುತ್ತೇನೆ. ಖಾಲಿ ಪೆಟ್ಟಿಗೆಯನ್ನು ಬೀದಿಯ ಕಿರಾಣಿ ಅಂಗಡಿಗೆ ಒಯ್ದು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿ ಬರೆದಿಡುತ್ತೇನೆ. ಕಳೆದ ಸಲದ್ದು ಮೊದಲ ದಿನ 6 ಕಿಲೋ 840 ಗ್ರಾಂ ಇತ್ತು. ಹನ್ನೆರಡು ದಿನಕ್ಕೆ 6 ಕಿಲೋ 610ಕ್ಕೆ ಇಳಿಯಿತು, ಹದಿನೈದನೇ ದಿನವೂ ಅಷ್ಟೇ ಇತ್ತು. ತೂಕ ಇಳಿಯುವುದು ನಿಂತಿತೆಂದರೆ ಅಂಟಿಗೆ ಹೊತ್ತಾಯಿತು ಎಂದರ್ಥ.

ಪ್ಲೈವುಡ್ ಆಗಿದ್ದರೆ ಬಿಟ್ಟ ಪದರದೊಳಗೆ ತೆಳು ಚಾಕುವಿನಿಂದ ಮರದ ಅಂಟು ಸವರಿ, ಎರಡೂ ಕಡೆ ಹಲಗೆ ತುಂಡು ಇಟ್ಟು ಕ್ಲಾಂಪ್ ಬಿಗಿದು ಒಂದು ಇಡೀ ದಿನ ಬಿಡಿ, ಮುಗಿಯಿತು. ಎಂಡಿಎಫ್‌ಗೆ ನೀರು ಬೆರೆತ ಬಿಳಿ ಅಂಟು ಹಾಕಬೇಡಿ, ಅದೇ ನೀರಿಗೆ ಮತ್ತೆ ಊದುತ್ತದೆ. ಎರಡು ಬಾಟಲಿಯದನ್ನು ಬೆರೆಸಿ ಹಾಕುವ ಎಪಾಕ್ಸಿ ಅಂಟು, ಅದರಲ್ಲೂ ನಿಧಾನ ಗಟ್ಟಿಯಾಗುವುದನ್ನು ತನ್ನಿ. ಐದು ನಿಮಿಷದ್ದು ಈ ಕೆಲಸಕ್ಕೆ ಬರುವುದಿಲ್ಲ, ಒಳಗೆ ಇಳಿಯುವ ಮೊದಲೇ ಕಲ್ಲಾಗುತ್ತದೆ. ಬೆರೆಸುವ ಮುಂಚೆ ಎರಡೂ ಬಾಟಲಿಗಳನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಎಪಾಕ್ಸಿ ಎಣ್ಣೆಯಂತೆ ತೆಳುವಾಗುತ್ತದೆ. ಆದರೆ ಬೆಚ್ಚಗಿನದು ಬೇಗ ಗಟ್ಟಿಯಾಗುವುದರಿಂದ ಒಂದು ಸಲಕ್ಕೆ ಸ್ವಲ್ಪವೇ ಬೆರೆಸಿಕೊಳ್ಳಿ. ಉದುರುವ ಪುಡಿಯನ್ನೆಲ್ಲ ಮೊದಲೇ ಕೆರೆದು ತೆಗೆದಿರಬೇಕು. ಮೆಡಿಕಲ್ ಶಾಪಿನ ಸಿರಿಂಜಿಗೆ ದಪ್ಪ ಸೂಜಿ ಹಾಕಿ, ಊದಿದ ಅಂಚಿನ ಉದ್ದಕ್ಕೂ ತುಸು ತುಸುವೇ ಬಿಡುತ್ತಾ ಹೋಗಿ. ಹಲಗೆ ಕುಡಿಯುವುದು ಕಣ್ಣಿಗೇ ಕಾಣುತ್ತದೆ: ಬೂದುಬಣ್ಣದ ನಾರು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗುತ್ತದೆ, ಹನಿ ಮೇಲೆಯೇ ನಿಂತಾಗ ಸಾಕು. ಪ್ಲಾಸ್ಟಿಕ್ ಹಾಳೆ ಸುತ್ತಿದ ಹಲಗೆ ತುಂಡುಗಳ ನಡುವೆ ಇಟ್ಟು ಕ್ಲಾಂಪ್ ಬಿಗಿಯಿರಿ. ಹಾಳೆ ಮರೆತರೆ ತುಂಡೂ ಪೆಟ್ಟಿಗೆಯೂ ಒಂದಾಗುತ್ತವೆ.

ಮೂಲೆಯೇ ಉದುರಿಹೋಗಿದ್ದರೆ ಅಲ್ಯುಮಿನಿಯಂ ಆಂಗಲ್‌ಗೆ ಪ್ಯಾಕಿಂಗ್ ಟೇಪ್ ಸುತ್ತಿ ಅಚ್ಚಿನಂತೆ ಮೂಲೆಗೆ ಬಿಗಿದು, ಒಳಗಿನಿಂದ ಎಪಾಕ್ಸಿ ಮತ್ತು ಗರಗಸದ ಹೊಟ್ಟಿನ ಮುದ್ದೆ ತುಂಬಿ. ಹೊಟ್ಟನ್ನು ಸಾಮಿಲ್‌ನಲ್ಲಿ ಕೇಳಿದರೆ ಕೊಡುತ್ತಾರೆ, ಜರಡಿ ಹಿಡಿದು ಬಳಸಿ. ಕೊನೆಯ ತೆಳು ಪದರಕ್ಕೆ ಕಾರಿನ ಡೆಂಟಿಂಗ್ ಪುಟ್ಟಿ ಒಳ್ಳೆಯದು. ಗೋಡೆ ಪುಟ್ಟಿ ಮಾತ್ರ ಖಂಡಿತ ಬೇಡ, ಸ್ಪೀಕರಿನ ನಡುಕಕ್ಕೆ ಬಿರಿಯುತ್ತದೆ. ಡಬ್ಬಿಯ ಮೇಲೆ ‘ವಾಟರ್‌ಪ್ರೂಫ್’ ಎಂದು ದೊಡ್ಡದಾಗಿ ಬರೆದ ಅಗ್ಗದ ವುಡ್ ಫಿಲ್ಲರ್ ಒಂದನ್ನು ಒಂದು ರಾತ್ರಿ ನೀರಿನಲ್ಲಿಟ್ಟು ನೋಡಿದೆ. ಬೆಳಿಗ್ಗೆ ಬೆರಳಿಗೆ ಮೆತ್ತಿಕೊಂಡು ಬಂತು.

ಉಪ್ಪುಕಾಗದ 80, 120, 180, 240 ಈ ಕ್ರಮದಲ್ಲಿ. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಎಂಡಿಎಫ್ ಧೂಳು ಶ್ವಾಸಕ್ಕೆ ಕೆಟ್ಟದ್ದು. ವೀನೀರ್ ಎದ್ದಿದ್ದರೆ ಅದರಡಿ ಅಂಟು ಸವರಿ, ಮೇಲೆ ಬಟ್ಟೆ ಹಾಕಿ ಸಾಧಾರಣ ಬಿಸಿಯ ಇಸ್ತ್ರಿ ಒತ್ತಿ. ಬಣ್ಣ ನಿಮ್ಮಿಷ್ಟ. ನಾನಂತೂ ಪಾಲಿಶ್ ಮಾಡಿದ ವೀನೀರನ್ನು ಮುಚ್ಚುವುದಿಲ್ಲ, ತುಂಬಿದ ಮೂಲೆ ಬೇರೆ ಬಣ್ಣದಲ್ಲಿ ಕಂಡರೂ ಚಿಂತೆಯಿಲ್ಲ.

ಸ್ಪೀಕರ್ ಕೂರಿಸುವಾಗ ಸ್ಕ್ರೂ ತೂತು ಸಡಿಲವಾಗಿದ್ದರೆ ಉರಿದು ಮುಗಿದ ಅಗರಬತ್ತಿಯ ಬಿದಿರು ಕಡ್ಡಿಗೆ ಅಂಟು ಹಚ್ಚಿ ತುಂಬಿ, ಮಾರನೇ ದಿನ ಬಿಗಿಯಿರಿ. ಎದುರುಬದುರಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಆಮೇಲೆ ಫೋನಿನಿಂದ 40 ಹರ್ಟ್ಸ್‌ನ ದಪ್ಪ ಸದ್ದನ್ನು ಸ್ಪೀಕರಿನಲ್ಲಿ ಸಣ್ಣದಾಗಿ ನುಡಿಸಿ, ಹೊತ್ತಿಸಿದ ಅಗರಬತ್ತಿಯನ್ನು ಪ್ರತಿ ಕೂಡಿಕೆಯ ಬಳಿ ಒಯ್ಯಿರಿ. ಗಾಳಿಗೆಂದೇ ಬಿಟ್ಟ ಪೋರ್ಟಿನ ಬಳಿ ಹೊಗೆ ಅಲ್ಲಾಡುವುದು ಸಹಜ. ಬೇರೆ ಎಲ್ಲಾದರೂ ನಡುಗಿದರೆ ಅಲ್ಲಿ ಗಾಳಿ ಸೋರುತ್ತಿದೆ, ಬೇಸ್ ಸೊರಗುವುದು ಅಲ್ಲಿಯೇ. ಒಳಗಿನಿಂದ ಅಂಟು ಎಳೆದು ಮುಚ್ಚಿ.

ಕೊನೆಯದಾಗಿ ಪೆಟ್ಟಿಗೆಯ ತಳಕ್ಕೆ ಒಂದಿಂಚಿನ ರಬ್ಬರ್ ಕಾಲು ನಾಲ್ಕು ಹಾಕಿ. ನೆಲ ಒರೆಸುವ ಬಟ್ಟೆ ಅದರಡಿ ಆರಾಮವಾಗಿ ಹೋಗಿಬರಲಿ, ಹಲಗೆಗೆ ತಾಕದಿರಲಿ.